ನಾಲ್ಕಾಟದ ಪೆಟ್ಟಿಗೆ: ಮಣೆ ಇಟ್ಟುಕೊಳ್ಳಿ, ಕೈಪಿಡಿ ಎತ್ತಿಡಿ

ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಆಟಿಕೆ ಅಂಗಡಿಗಳಿಗೂ ಮೇಳದ ಮಳಿಗೆಗಳಿಗೂ ಈಚೆಗೆ ‘ಸಾಂಪ್ರದಾಯಿಕ ಆಟಗಳ ಪೆಟ್ಟಿಗೆ’ ಬರುತ್ತಿದೆ. ತಯಾರಕರು ಬೇರೆಬೇರೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಮಡಚುವ ಅಳಗುಳಿ ಮಣೆ, ಬಟ್ಟೆ ಮೇಲೆ ಅಚ್ಚು ಹಾಕಿದ ಚೌಕಾಬಾರ, ಅದೇ ಬಟ್ಟೆಯ ಹಿಂಬದಿಗೆ ಹುಲಿ-ಮೇಕೆ, ಕಲ್ಲಾಟಕ್ಕೆ ಐದು ಕಲ್ಲು, ನಾಲ್ಕು ಕವಡೆ, ಒಂದಷ್ಟು ಕಾಯಿ, ಒಂದು ಕೈಪಿಡಿ. ಬೆಲೆ ಸಾವಿರದಿಂದ ಎರಡು ಸಾವಿರದೊಳಗೆ, ಮರ ಎಂಥದು ಅನ್ನುವುದರ ಮೇಲೆ ಏರುಪೇರು. ಮುಚ್ಚಳದ ಮೇಲೆ ಒಂದಲ್ಲ ಒಂದು ಬಗೆಯಲ್ಲಿ ಇದೇ ಮಾತು ಇರುತ್ತದೆ: ಮಕ್ಕಳಿಗೆ ನಮ್ಮ ಸಂಸ್ಕೃತಿ ಕಲಿಸಿ.

ಮರ, ಬಣ್ಣ, ಅಚ್ಚಿನ ವಿಷಯ ಆಮೇಲೆ. ಮೊದಲು ಆ ಮುಚ್ಚಳದ ಮಾತನ್ನೇ ಒರೆಗೆ ಹಚ್ಚಬೇಕು. ಯಾಕೆಂದರೆ ಜನ ದುಡ್ಡು ಕೊಡುತ್ತಿರುವುದು ಅದಕ್ಕೇ. ಮರದ ಮಣೆಯೊಂದೇ ಬೇಕಿದ್ದರೆ ಬಡಗಿ ಮಾಡಿಕೊಡುತ್ತಾನೆ. ಒಂದೇ ಸಾಲಿನಲ್ಲಿ ತೀರ್ಪು ಬೇಕಿದ್ದವರಿಗೆ: ಪೆಟ್ಟಿಗೆಯ ಸಾಮಾನಿಗೆ ಐದಕ್ಕೆ ಮೂರೂವರೆ, ಕೈಪಿಡಿಗೆ ಒಂದು. ಆ ಒಂದೂ ಚಿತ್ರಗಳಿಗೆ.

ಕೈಪಿಡಿಗೆ ಇಷ್ಟು ಕಡಿಮೆ ಯಾಕೆ ಅನ್ನುವುದು ಚೌಕಾಬಾರ ಹಾಸಿದ ಕೂಡಲೇ ಗೊತ್ತಾಗುತ್ತದೆ. ಐದೈದು ಇಪ್ಪತ್ತೈದು ಮನೆ. ನಾಲ್ಕೂ ಬದಿಯ ನಡುಮನೆಗೆ ಅಡ್ಡಗೀಟಿನ ಗುರುತು, ಅದು ಒಬ್ಬೊಬ್ಬರ ಕಟ್ಟೆ. ಒಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತಿನ 16 ಮನೆ ಒಂದು ದಿಕ್ಕಿಗೆ, ಒಳಸುತ್ತಿನ 8 ಅದರ ಎದುರು ದಿಕ್ಕಿಗೆ, ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಇಲ್ಲಿಯವರೆಗೆ ಯಾವ ಬೀದಿಯಲ್ಲೂ ತಕರಾರಿಲ್ಲ. ತಕರಾರು ಹುಟ್ಟುವುದು ಇದಾದ ಮೇಲೆ. ಮೊದಲ ಕಾಯಿ ಇಳಿಸಲು ಕವಡೆಯಲ್ಲಿ ಚೌಕವೋ (ನಾಲ್ಕು) ಬಾರವೋ (ಎಂಟು) ಬೀಳಲೇಬೇಕೋ, ಒಂದು ಬಿದ್ದರೂ ಸಾಕೋ? ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೋ ಇಲ್ಲವೋ? ಕಡಿದರೆ ಇನ್ನೊಂದು ಆಟ ಸಿಗುತ್ತದೆಯೋ? ಮೂರು ಸಲ ಒಂದೇ ಸಮ ಚೌಕ-ಬಾರ ಬಿದ್ದರೆ ಲಾಭವೋ, ಮೂರೂ ರದ್ದೋ? ಒಂದು ಮನೆಯಲ್ಲಿ ಇಬ್ಬರ ಕಾಯಿ ಕೂರಬಹುದೋ? ಎರಡು ಓಣಿಯ ಮಕ್ಕಳು ಒಟ್ಟಿಗೆ ಕೂತರೆ ಮೊದಲ ಹತ್ತು ನಿಮಿಷ ಕವಡೆ ಕೈಗೆ ಬರುವುದೇ ಇಲ್ಲ, ಬರೀ ವಾದ. “ನಮ್ಮಜ್ಜಿ ಹಂಗೇ ಹೇಳಿರೋದು.” “ನಿಮ್ಮಜ್ಜಿ ಊರಲ್ಲಿ ಇರಬೋದು, ಇಲ್ಲಿ ಇಲ್ಲ.”

ಆಟದಲ್ಲಿ ಬೆಲೆಬಾಳುವ ಭಾಗ ಈ ಹತ್ತು ನಿಮಿಷ. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಗೋಲಿಯಾಡುವ ಮಕ್ಕಳ ಜೊತೆ ಕೂತು, ಈ ನಿಯಮ ಮಾಡಿದ್ದು ಯಾರು, ಬದಲಾಯಿಸಬಹುದೇ ಎಂದು ಕೇಳುತ್ತಾ ಹೋದವರು. 1932ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಚಿಕ್ಕ ಮಕ್ಕಳಿಗೆ ನಿಯಮ ಎಂದರೆ ದೊಡ್ಡವರು, ದೇವರು ಕೊಟ್ಟದ್ದು, ಮುಟ್ಟುವ ಹಾಗಿಲ್ಲ, ಹತ್ತು-ಹನ್ನೊಂದರ ಹೊತ್ತಿಗೆ ಅದೇ ಮಕ್ಕಳು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು, ಒಪ್ಪಿದ ಮೇಲೆ ಮುರಿಯಬಾರದು ಅನ್ನುವಲ್ಲಿಗೆ ಬರುತ್ತಾರೆ. ಆ ಬದಲಾವಣೆಗೆ ಅವರು ಕೊಟ್ಟ ಮುಖ್ಯ ಕಾರಣ ಸರೀಕರ ಜೊತೆಗಿನ ಒಡನಾಟ. ದೊಡ್ಡವರ ಮಾತಿಗೆ ಎದುರಾಡುವ ಹಾಗಿಲ್ಲ, ಪಕ್ಕದ ಮನೆಯ ಹುಡುಗನ ಜೊತೆ ಎಷ್ಟು ಬೇಕಾದರೂ ಎದುರಾಡಬಹುದು.

ಪೆಟ್ಟಿಗೆಯ ಕೈಪಿಡಿ ಈ ವಾದವನ್ನೇ ಕತ್ತರಿಸಿಹಾಕುತ್ತದೆ. ಇಂಥದೇ ಸರಿ ಎಂದು ಒಂದೊಂದು ಆಟಕ್ಕೆ ಒಂದೊಂದೇ ನಿಯಮ ಅಚ್ಚಾಗಿದೆ, ಬೇರೆ ಪಾಠ (ಆಡುವ ಇನ್ನೊಂದು ಕ್ರಮ) ಇದೆ ಅನ್ನುವ ಸುಳಿವೂ ಇಲ್ಲ. ಇದರಿಂದ ಆಗುವ ಎರಡನೆಯ ಕೆಡುಕು ಇನ್ನೂ ಸೂಕ್ಷ್ಮ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಕೈಪಿಡಿ ಇರುವುದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ಕೊನೆಯ ಒಂದೆರಡು ಪುಟ. ಇಂಗ್ಲಿಷ್ ಓದಬಲ್ಲ ಮಗುವೇ ಆಗ ನ್ಯಾಯಾಧೀಶ. ನೂರಾರು ಸಲ ಆಡಿದ ಅಜ್ಜಿ ಬಾಯಿಬಿಟ್ಟರೆ, “ಅಜ್ಜಿ, ಇಲ್ಲಿ ಹಂಗೆ ಬರೆದಿಲ್ಲ” ಅನ್ನುವ ಉತ್ತರ ಸಿಗುತ್ತದೆ. ಸಂಸ್ಕೃತಿ ಕಲಿಸುತ್ತೇವೆ ಅನ್ನುವ ಪೆಟ್ಟಿಗೆ ಆ ಸಂಸ್ಕೃತಿಯನ್ನು ತಲೆಯಲ್ಲಿಟ್ಟುಕೊಂಡವರನ್ನೇ ಪಡಸಾಲೆಯಿಂದ ಎಬ್ಬಿಸಿ ಕಳಿಸಿದ ಹಾಗಾಯಿತು.

ಈ ಜಿಲ್ಲೆಯಲ್ಲಿ ಅದರ ಪೆಟ್ಟು ಇನ್ನೂ ಜೋರು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಒಲೆ ಮುಂದಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಅಳಗುಳಿ ಮಣೆ ಅಲ್ಲಿ ವಾಮನಗುಂಟಲು, ಚೌಕಾಬಾರ ಅಷ್ಟಾಚೆಮ್ಮ, ಹುಲಿ-ಮೇಕೆ ಪುಲಿ-ಮೇಕ. ಮಗು ಅಜ್ಜಿ ಜೊತೆ ತೆಲುಗಿನಲ್ಲಿ ಎಣಿಸಿ, ಅದೇ ಆಟವನ್ನು ಗೆಳೆಯರ ಜೊತೆ ಕನ್ನಡದಲ್ಲಿ ಎಣಿಸಿ, ಯಾರ ಮುಂದೆ ಯಾವುದು ಎಂಬುದನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ. ಶಿಡ್ಲಘಟ್ಟದಲ್ಲಿ ಇದಕ್ಕೆ ಉರ್ದು ಬೇರೆ ಸೇರುತ್ತದೆ. ‘ನಮ್ಮ’ ಎಂದು ಒಂದೇ ಪಾಠ ಅಚ್ಚು ಹಾಕುವವರಿಗೆ ಇದು ಕಾಣಿಸಿಲ್ಲ. ಮುಚ್ಚಳದ ಚಿತ್ರಕ್ಕೂ ಕಾಣಿಸಿಲ್ಲ: ಹೆಂಚಿನ ತೊಟ್ಟಿಮನೆ, ರೇಷ್ಮೆ ಲಂಗದ ಹುಡುಗಿ ಅಳಗುಳಿ ಮಣೆ ಮುಂದೆ, ಪಂಚೆಯುಟ್ಟ ಹುಡುಗ ಹುಲಿ-ಮೇಕೆ ಮುಂದೆ. ಯಾವ ಆಟ ಯಾರದ್ದು ಅನ್ನುವ ಪಾಠ ಪೆಟ್ಟಿಗೆ ತೆರೆಯುವ ಮೊದಲೇ ಶುರು. ಗ್ರಂಥಾಲಯಕ್ಕೆ ತರುವವರು ಮುಚ್ಚಳಕ್ಕೆ ಬಿಳಿ ಹಾಳೆ ಅಂಟಿಸಿಬಿಡುವುದು ಒಳ್ಳೆಯದು. ಹಾಗೇ ಬಿಟ್ಟರೆ ಹುಡುಗರು ಅಳಗುಳಿ ಮಣೆ ಮುಟ್ಟಲು ನಾಚುತ್ತಾರೆ. ಯಾರೂ ಬೇಡ ಅಂದಿರುವುದಿಲ್ಲ, ಆದರೂ.

ಇನ್ನು ಸಾಮಾನಿನ ವಿಷಯ.

ಅಳಗುಳಿ ಮಣೆಯಲ್ಲಿ ಏಳೇಳರ ಎರಡು ಸಾಲು, 14 ಗುಳಿ. ಗುಳಿಗೆ ನಾಲ್ಕರಂತೆ ತುಂಬಿದರೆ 56 ಕಾಳು, ಐದರಂತೆ 70. ಪೆಟ್ಟಿಗೆಯಲ್ಲಿ ಸರಿಯಾಗಿ 70 ಇಟ್ಟಿದ್ದರೆ ಅದು ಕೊರತೆಯೇ. ಒಂದು ಕಾಳು ಮಂಚದಡಿಗೆ ಉರುಳಿದರೂ ಆಟ ನಿಲ್ಲುತ್ತದೆ, 80 ಇರಬೇಕು. ಗುಳಿಯ ಅಗಲ ಐದೂವರೆ ಸೆಂಟಿಮೀಟರಿಗೂ ಆಳ ಎರಡಕ್ಕೂ ಕಡಿಮೆ ಇದ್ದರೆ ಕೊಳ್ಳಬೇಡಿ. ನಾಲ್ಕು ಸುತ್ತು ಬಿತ್ತುವ (ಗುಳಿಗೊಂದರಂತೆ ಕಾಳು ಹಾಕುತ್ತಾ ಹೋಗುವ) ಹೊತ್ತಿಗೆ ಒಂದು ಗುಳಿಯಲ್ಲಿ ಹನ್ನೆರಡು-ಹದಿನೈದು ಕಾಳು ಗುಡ್ಡೆಯಾಗುವುದುಂಟು, ಅಂಚು ಮೀರಿ ಪಕ್ಕದ ಗುಳಿಗೆ ಜಾರಿದರೆ ಲೆಕ್ಕವೇ ಕೆಡುತ್ತದೆ. ದೊಡ್ಡವರ ಬೆರಳಿಗೂ ಗೋರಲು ಜಾಗ ಬೇಕು. ಬೀಳುವ ಸದ್ದು ಕೇಳಿ ಎದುರಾಳಿ ಎಷ್ಟು ಹಾಕಿದಳು ಎಂದು ಕಣ್ಣೆತ್ತದೆ ಎಣಿಸುವ ಅಜ್ಜಿಯರಿದ್ದಾರೆ. ಆ ಸದ್ದು ಗಟ್ಟಿಮರದಲ್ಲಿ ಮಾತ್ರ ಬರುತ್ತದೆ, ಒತ್ತಿದ ಹೊಟ್ಟಿನ ಹಲಗೆಯಲ್ಲಿ ಬರುವುದಿಲ್ಲ. ಹೊಟ್ಟಿನ ಹಲಗೆ ಒಂದು ಮಳೆಗಾಲ ನೆಲದ ತೇವಕ್ಕೆ ಊದಿಕೊಂಡರೆ ಮಡಚುವ ಕೀಲು ಕೂರದು.

ಕಾಳಿನ ಬಗ್ಗೆ ಒಂದು ಗಟ್ಟಿ ಎಚ್ಚರಿಕೆ. ಅಂದಕ್ಕೆಂದು ಕೆಲವು ಪೆಟ್ಟಿಗೆಗಳಲ್ಲಿ ಕೆಂಪು-ಕಪ್ಪು ಗುಲಗಂಜಿ ಇಡುತ್ತಾರೆ. ಗುಲಗಂಜಿ ವಿಷ. ಇಡಿಯಾಗಿ ನುಂಗಿದರೆ ಸಿಪ್ಪೆ ತಡೆಯಬಹುದು, ಅಗಿದರೆ ಒಳಗಿನ ಅಬ್ರಿನ್ ಪ್ರಾಣಕ್ಕೆ ತರುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಪೆಟ್ಟಿಗೆ ತೆರೆದ ದಿನವೇ ಅದನ್ನು ತೆಗೆದು ಹುಣಸೆ ಬೀಜ ಹಾಕಿ. ಈ ಸೀಮೆಯಲ್ಲಿ ಹುಣಸೆ ಬೀಜಕ್ಕೆ ಬರವಿಲ್ಲ. ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ, ಹುಳು ಕೊರೆದದ್ದನ್ನು ಆರಿಸಿ ಬಿಸಾಡಿದರೆ ಸಾಕು. ಮೂರು ವರ್ಷದೊಳಗಿನವರ ಕೈಗೆ ಯಾವ ಕಾಳೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಆಟದ ಪಾಠದಲ್ಲೂ ಇಲ್ಲಿ ಕೈಪಿಡಿ ಒಂದು ಹಲ್ಲು ಕಿತ್ತಿದೆ. ಕೊನೆಯ ಕಾಳು ಹಾಕಿದ ಮೇಲೆ ಮುಂದಿನ ಗುಳಿಯದನ್ನು ಎತ್ತಿ ಬಿತ್ತುತ್ತಾ ಹೋಗುವುದು, ಖಾಲಿ ಗುಳಿ ಎದುರಾದರೆ ಅದನ್ನು ಸವರಿ ಅದರಾಚೆಯದನ್ನು ಗೆದ್ದುಕೊಳ್ಳುವುದು, ಇವು ಸರಿಯಾಗಿವೆ. ಆದರೆ ಹಳೆಯ ಆಟದಲ್ಲಿ ಎರಡನೇ ಸುತ್ತು ಸಮಬಲದಿಂದ ಶುರುವಾಗುವುದಿಲ್ಲ. ಸೋತವರು ತಮ್ಮ ಪಾಲಿಗೆ ಉಳಿದ ಕಾಳಿನಿಂದ ಎಷ್ಟು ಗುಳಿ ತುಂಬುತ್ತದೋ ಅಷ್ಟನ್ನೇ ತುಂಬಿ, ಮಿಕ್ಕ ಗುಳಿಗಳನ್ನು ಮುಚ್ಚಿಕೊಂಡು ಆಡಬೇಕು. ಐದು ಗುಳಿಯಲ್ಲಿ ಏಳು ಗುಳಿಯವಳ ಎದುರು ನಿಲ್ಲುವುದು ಸುಲಭವಲ್ಲ, ಆದರೂ ತಿರುಗಿ ಮೇಲೇಳುವವರಿದ್ದಾರೆ. ಕೈಪಿಡಿ ಪ್ರತಿ ಸುತ್ತಿಗೂ ಎಲ್ಲವನ್ನೂ ಮೊದಲಿನಂತೆ ಹಂಚಿಬಿಡುತ್ತದೆ. ಮಕ್ಕಳು ಅಳಬಾರದು ಅನ್ನುವ ಕನಿಕರ ಇರಬೇಕು. ಕೊರತೆಯಲ್ಲಿ ಆಡುವುದು ಹೇಗೆ, ಗೆದ್ದವರು ಎಷ್ಟು ಬೀಗಬೇಕು ಅನ್ನುವುದನ್ನು ಕಲಿಯುವ ಜಾಗ ಅದೊಂದೇ ಆಗಿತ್ತು.

ಕವಡೆಗಳಲ್ಲಿ ಮೋಸ ಹೆಚ್ಚು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ. ನಾಲ್ಕೂ ಬಾಯಿ ತೆರೆದರೆ ಚೌಕ, ನಾಲ್ಕೂ ಮಗುಚಿದರೆ ಬಾರ ಅಂದರೆ ಎಂಟು. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವಂತಿದ್ದರೆ ಹದಿನಾರು ಸಲಕ್ಕೆ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಚೌಕ ಒಂದು ಸಲ, ಬಾರ ಒಂದು ಸಲ ಬೀಳಬೇಕು. ಇದು ಸರಾಸರಿ. 160 ಸಲ ಹಾಕಿ ಗೀಟು ಎಳೆದು ನೋಡಿ. ಚೌಕ, ಬಾರ ಹತ್ತತ್ತರ ಸುತ್ತಮುತ್ತ ಬಂದರೆ ಕವಡೆ ಚೆನ್ನ. ಒಂದು ಇಪ್ಪತ್ತೈದು ದಾಟಿ ಇನ್ನೊಂದು ಎರಡು-ಮೂರಕ್ಕೆ ನಿಂತರೆ ಬೆನ್ನು ಉಬ್ಬಿದ ಕವಡೆ ಅಂತ ಅರ್ಥ. ಆಗ ನಾಲ್ಕು ಹುಣಸೆ ಬೀಜವನ್ನು ಒದ್ದೆ ಕಲ್ಲಿನ ಮೇಲೆ ಒಂದು ಮಗ್ಗುಲು ಬಿಳಿ ಕಾಣುವ ತನಕ ತೇಯ್ದುಕೊಳ್ಳುವುದೇ ಸರಿ. ನಾಲ್ಕನ್ನೂ ಒಂದೇ ಸಮ ತೇಯಬೇಕು, ಹೆಚ್ಚುಕಡಿಮೆಯಾದರೆ ಒಂದು ಬೀಜ ಒಂದೇ ಮಗ್ಗುಲಿಗೆ ಬೀಳುವ ಚಾಳಿ ಹಿಡಿಯುತ್ತದೆ. ಕವಡೆಯ ಬದಲು ಆರುಮುಖದ ದಾಳ ಇಟ್ಟ ಪೆಟ್ಟಿಗೆ ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ಐದು ಮತ್ತು ಆರು ಬಿದ್ದರೆ ಏನು ಮಾಡಬೇಕೆಂದು ಯಾವ ಅಜ್ಜಿಗೂ ಗೊತ್ತಿಲ್ಲ.

ಹುಲಿ-ಮೇಕೆ ಚಿತ್ರವನ್ನು ಅಂಗಡಿಯಲ್ಲೇ ಎಣಿಸಿ. ತುದಿಯಲ್ಲಿ 1, ಮೂರು ಅಡ್ಡಗೀಟುಗಳಲ್ಲಿ ಆರಾರರಂತೆ 18, ತಳದ ಗೀಟಿನಲ್ಲಿ 4, ಒಟ್ಟು 23 ಸಂಧಿ ಬರಬೇಕು. ಹುಲಿ 3, ಮೇಕೆ 15. ಒಂದು ಸಂಧಿ ತಪ್ಪಿದರೂ ಹುಲಿ ಮೇಕೆಯನ್ನು ಹಾರಿ ಹೊಡೆಯುವ ದಾರಿ ಮುಚ್ಚಿ ಆಟ ಮೇಕೆಯ ಕಡೆಗೆ ವಾಲುತ್ತದೆ. ಹದಿನೈದೂ ಮೇಕೆ ಇಳಿಯುವ ತನಕ ಇಳಿದ ಮೇಕೆಗಳು ಕದಲುವ ಹಾಗಿಲ್ಲ ಅನ್ನುವುದು ಕೈಪಿಡಿಯಲ್ಲಿದೆ. ಅದರಲ್ಲಿ ಇಲ್ಲದ್ದು, ಒಂದಾಟ ಮುಗಿದ ಕೂಡಲೇ ಪಕ್ಷ ಬದಲಾಯಿಸಬೇಕು ಅನ್ನುವುದು. ಅಮೆರಿಕದ ಸಮಾಜಚಿಂತಕ ಜಾರ್ಜ್ ಹರ್ಬರ್ಟ್ ಮೀಡ್ (1863–1931) ಮಗುವಿನ ‘ನಾನು’ ಹುಟ್ಟುವ ಬಗೆಯನ್ನು ವಿವರಿಸಿದ್ದೇ ಇಂಥ ಜಾಗದಲ್ಲಿ. ಮೊದಮೊದಲು ಮಗು ಒಂದು ಸಲಕ್ಕೆ ಒಂದೇ ವೇಷ ಹಾಕುತ್ತದೆ, ಈಗ ಮೇಷ್ಟ್ರು, ಆಮೇಲೆ ಪೊಲೀಸು. ನಿಯಮವಿರುವ ಆಟಕ್ಕೆ ಬಂದಾಗ ಎಲ್ಲ ಆಟಗಾರರ ಪಾತ್ರವನ್ನೂ ತಲೆಯಲ್ಲಿಟ್ಟುಕೊಂಡೇ ತನ್ನ ಹೆಜ್ಜೆ ಇಡಬೇಕು. ತನ್ನನ್ನು ಎದುರಿನವರ ಕಣ್ಣಿನಿಂದ ನೋಡಿಕೊಳ್ಳುವುದು ಅಲ್ಲಿಂದ. ಮೀಡ್ ಕೊಟ್ಟ ಉದಾಹರಣೆ ಬೇಸ್‌ಬಾಲ್. ಹುಲಿ-ಮೇಕೆಯಲ್ಲಿ ಅದು ಇನ್ನೂ ಢಾಳಾಗಿ ಕಾಣುತ್ತದೆ, ಯಾಕೆಂದರೆ ಎರಡೂ ಕಡೆಯ ಬಲವೇ ಬೇರೆ. ಸದಾ ಹುಲಿಯೇ ಆಗುವ ಹುಡುಗನಿಗೆ ಮೇಕೆಗಳು ಒತ್ತೊತ್ತಾಗಿ ಯಾಕೆ ನಿಲ್ಲುತ್ತವೆ ಅನ್ನುವುದು ಹೊಳೆಯುವುದೇ ಇಲ್ಲ.

ಕಲ್ಲಾಟದ ಕಲ್ಲು ಬಗ್ಗೆ ಹೇಳಲು ಹೆಚ್ಚಿಲ್ಲ. ಪಾಲಿಷ್ ಹಾಕಿದ ಗುಂಡುಕಲ್ಲು ಅಂಗೈ ಹಿಂಬದಿಯಲ್ಲಿ ನಿಲ್ಲದು. ಅಂಚು ಸವೆದ ಜಲ್ಲಿಯೋ ಗಜ್ಜುಗವೋ ಸಾಕು.

ವಿನ್ಯಾಸದ ದೊಡ್ಡ ತಪ್ಪು ಬಟ್ಟೆಯದು. ಚೌಕಾಬಾರದ ಬೆನ್ನಿಗೇ ಹುಲಿ-ಮೇಕೆ ಅಚ್ಚು ಹಾಕಿರುವುದರಿಂದ ಎರಡನ್ನೂ ಒಟ್ಟಿಗೆ ಆಡಲಾಗದು. ಚೌಕಾಬಾರಕ್ಕೆ ನಾಲ್ವರು, ಅಳಗುಳಿಗೆ ಇಬ್ಬರು, ಕಲ್ಲಿಗೆ ಮೂವರು, ಅಲ್ಲಿಗೆ ಒಂದು ಪೆಟ್ಟಿಗೆಗೆ ಒಂಬತ್ತೇ ಮಕ್ಕಳು. ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ತರಿಸುವವರು ಇದನ್ನು ಲೆಕ್ಕ ಹಿಡಿದೇ ತರಿಸಬೇಕು. ಹುಲಿ-ಮೇಕೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರೆ ಇನ್ನಿಬ್ಬರಿಗೆ ಜಾಗವಾಗುತ್ತದೆ. ಹಳೆಯ ದೇವಸ್ಥಾನದ ಹಾಸುಗಲ್ಲಿನಲ್ಲಿ ಕೊರೆದದ್ದೂ ಅದೇ ಗೀಟು ತಾನೇ.

ಮನೆಗಿಂತ ಅರಿವು ಕೇಂದ್ರದಲ್ಲಿ ಈ ಪೆಟ್ಟಿಗೆಗೆ ಹೆಚ್ಚು ಬೆಲೆ, ಅದಕ್ಕೆ ಕಾರಣವೂ ಇದೆ. ಈ ಆಟಗಳ ಹಳೆಯ ಜಾಗ ಜಗಲಿ. ಯಾರ ಜಗಲಿ ಮೇಲೆ ಯಾರ ಮಕ್ಕಳು ಕೂರಬಹುದು, ಯಾರು ಕೆಳಗೆ ನಿಂತು ನೋಡಬೇಕು ಅನ್ನುವುದನ್ನೂ ಮಕ್ಕಳು ಅಲ್ಲೇ ಕಲಿತರು. ಅದೂ ಸಂಸ್ಕೃತಿಯೇ, ಮುಚ್ಚಳದ ಚಿತ್ರದಲ್ಲಿ ಮಾತ್ರ ಬರುವುದಿಲ್ಲ. ಗ್ರಂಥಾಲಯದ ಚಾಪೆ ಯಾರ ಮನೆಯದ್ದೂ ಅಲ್ಲ.

ಪೆಟ್ಟಿಗೆ ಮೇಲೆ ‘6 ವರ್ಷ ಮೇಲ್ಪಟ್ಟವರಿಗೆ’ ಎಂದಿದೆ. ಕಾಳು ನುಂಗುವ ಭಯಕ್ಕಾದರೆ ಸರಿ, ಆಟಕ್ಕಾದರೆ ತಪ್ಪು. ನಾಲ್ಕೈದು ವರ್ಷದ ಮಗುವನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವುದು ನಮ್ಮ ಬೀದಿಗಳು ಕಂಡುಕೊಂಡ ಅಚ್ಚುಕಟ್ಟಾದ ಏರ್ಪಾಡು. ಓಡುತ್ತದೆ, ಮುಟ್ಟಿಸಿಕೊಳ್ಳುತ್ತದೆ, ಔಟಾಗುವುದಿಲ್ಲ. ಸಂಶೋಧಕರಾದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಕಲಿಕೆಯ ಬಗ್ಗೆ ಬರೆಯುವಾಗ ಮುಂದಿಟ್ಟ ಉದಾಹರಣೆಗಳಲ್ಲಿ ಲೈಬೀರಿಯದ ದರ್ಜಿಗಳೂ ಇದ್ದಾರೆ. ಅಲ್ಲಿ ಹೊಸ ಹುಡುಗನಿಗೆ ಮೊದಲು ಗುಂಡಿ ಹಚ್ಚುವಂಥ ಕೊನೆಯ ಕೆಲಸ, ಬಟ್ಟೆಗೆ ಕತ್ತರಿ ಹಾಕುವುದು ತುಂಬ ತಡವಾಗಿ. ತಪ್ಪಿದರೂ ನಷ್ಟ ಕಮ್ಮಿ ಇರುವ ಅಂಚಿನಲ್ಲಿ ಕೂತು, ನಡುವಿನ ಕೆಲಸ ನೋಡುತ್ತಾ ಒಳಗೆ ಬರುವುದು. ಚೌಕಾಬಾರದಲ್ಲಿ ಇದನ್ನು ಹೀಗೆ ಮಾಡಬಹುದು: ಮೊದಲು ಬಿದ್ದ ಕವಡೆ ಬಾಚಿಕೊಡುವುದು ಚಿಕ್ಕವರ ಕೆಲಸ, ಕೆಲವು ದಿನದ ಮೇಲೆ ಎಷ್ಟು ಬಿತ್ತೆಂದು ಕೂಗುವುದು, ಆಮೇಲೆ ಅಕ್ಕನ ಪರವಾಗಿ ಕಾಯಿ ನಡೆಸುವುದು, ತಪ್ಪಿದರೆ ಅಕ್ಕ ತಿದ್ದುವುದು, ಕೊನೆಗೆ ತನ್ನದೇ ನಾಲ್ಕು ಕಾಯಿ. ಯಾವಾಗ ಲೆಕ್ಕಕ್ಕೆ ಸೇರಿಸಬೇಕು ಅನ್ನುವುದನ್ನು ಮಕ್ಕಳೇ ತೀರ್ಮಾನಿಸಲಿ. ಚಿಕ್ಕದು ತಾನೇ “ನಂದೂ ಲೆಕ್ಕ” ಎಂದು ಹಟ ಹಿಡಿಯುವ ದಿನ ಬರುತ್ತದೆ. ಮರುದಿನ ಕಾಯಿ ಕಡಿಸಿಕೊಂಡು ಅತ್ತರೂ ಹಿಂದಕ್ಕೆ ಕಳಿಸಬಾರದು. ಇದು ನಡೆಯಬೇಕಾದರೆ ಗುಂಪಿನಲ್ಲಿ ಮೂರು ವರ್ಷದಷ್ಟಾದರೂ ವಯಸ್ಸಿನ ಅಂತರ ಇರಬೇಕು. ಒಂದೇ ತರಗತಿಯವರನ್ನು ಕೂರಿಸುವ ಶಾಲೆಯ ಆಟದ ಪೀರಿಯಡ್ಡಿನಲ್ಲಿ ಇದಕ್ಕೆ ದಾರಿಯಿಲ್ಲ.

ಹಾಗಾದರೆ ಕೈಪಿಡಿಯನ್ನು ಏನು ಮಾಡುವುದು? ಮಣೆ ಹಾಸುವ ಚಿತ್ರವಿರುವ ಪುಟ ಕತ್ತರಿಸಿ ಗೋಡೆಗೆ ಅಂಟಿಸಿ, ಉಳಿದದ್ದನ್ನು ಬೀರುವಿನ ಮೇಲಿಡಿ. ಮಕ್ಕಳಿಗೆ ಒಂದು ವಾರ ಗಡುವು ಕೊಟ್ಟು, ಮನೆಯಲ್ಲಿ ಹಿರಿಯರನ್ನು ಕೇಳಿ ಆಟದ ಪಾಠ ತರಲು ಹೇಳಿ, ಯಾವ ಭಾಷೆಯಲ್ಲಾದರೂ ಸರಿ. ಬಂದ ಪಾಠಗಳನ್ನು ಊರಿನ ಹೆಸರು ಹಾಕಿ ಒಂದು ಹಾಳೆ ಮೇಲೆ ಬರೆಯಿಸಿ. ಆಟ ಶುರುವಾಗುವ ಮುನ್ನ ಇವತ್ತು ಯಾವ ಪಾಠ ಎಂದು ಆಡುವವರೇ ಒಪ್ಪಿಕೊಳ್ಳಬೇಕು, ನಡುವೆ ಬದಲಾಯಿಸುವ ಹಾಗಿಲ್ಲ. ಜಗಳ ಬಂದರೆ ಮೇಲ್ವಿಚಾರಕರು ಐದು ನಿಮಿಷ ಬಾಯಿ ಹಾಕದಿರುವುದೇ ಕಷ್ಟದ ಕೆಲಸ. ಕೈಕೈ ಮಿಲಾಯಿಸಿದರೆ ಮಾತ್ರ ಎದ್ದು ಹೋಗಿ ಬಿಡಿಸಿ. ಬಹುಮಾನ, ಸರ್ಟಿಫಿಕೇಟು ಇಟ್ಟಿರೋ ಕೆಟ್ಟಿತು. ಗೆಲುವಿಗೆ ಹೊರಗಿನ ಬೆಲೆ ಬಂದ ಕೂಡಲೇ ಚಿಕ್ಕವರನ್ನು ‘ಆಟಕ್ಕುಂಟು’ ಎಂದು ಸೇರಿಸಿಕೊಳ್ಳುವುದು ನಿಲ್ಲುತ್ತದೆ, ದೊಡ್ಡವರು ಬಂದು ತೀರ್ಪು ಕೊಡಲು ಶುರುಮಾಡುತ್ತಾರೆ.

ಯಾರು ಕೊಳ್ಳಬೇಕು? ಅರಿವು ಕೇಂದ್ರ, ಅಂಗನವಾಡಿ ಪಕ್ಕದ ಸಮುದಾಯ ಭವನ, ಬಾಡಿಗೆ ಮನೆಗಳಿರುವ ವಠಾರ ಕೊಳ್ಳಲಿ, ಗಟ್ಟಿಮರದ್ದೇ ಆಗಲಿ. ಒಂದೇ ಮಗುವಿರುವ, ಪಕ್ಕದ ಮನೆಯವರು ಬಂದುಹೋಗದ ಫ್ಲ್ಯಾಟಿಗೆ ಬೇಡ, ಅಲ್ಲಿ ಅದು ಶೋಕೇಸಿಗೆ ಹೋಗುತ್ತದೆ. ಅಜ್ಜಿ ಇರುವ ಮನೆಗೆ ಅಳಗುಳಿ ಮಣೆಯೊಂದೇ ಸಾಕು: ಬಡಗಿಗೆ ಮೇಲಿನ ಅಳತೆ ಕೊಡಿ, ಕಾಳು ಹುಣಸೆಯದು, ಚೌಕಾಬಾರದ ಕಾಯಿಗೆ ಬಳೆಚೂರು, ಪೊರಕೆಕಡ್ಡಿ. ಬಿಡಿಯಾಗಿ ಮಣೆ ಕೊಡಿ ಎಂದರೆ ಕೆಲವು ಅಂಗಡಿಯವರು ಪೆಟ್ಟಿಗೆಯಿಂದ ತೆಗೆದೂ ಕೊಡುತ್ತಾರೆ, ಕೇಳಿ ನೋಡಿ.